ಎರೆಸೀಮೆಗೆ ಬಂದ ಹೊರನಾಡಿಗರು

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಮುಂದಿನ ಆಸನದಲ್ಲಿ ಪರದೇಶದ ತರುಣಿಯೊಬ್ಬಳು ಕುಳಿತಿದ್ದಳು. ಆರು ತಿಂಗಳ ಮಟ್ಟಿಗೆ ಹಳ್ಳಿಯೊಂದರಲ್ಲಿ ಸ್ವಯಂಸೇವಕಿಯಾಗಿ ಇರಲು ಬಂದವಳೆಂದು ಜೊತೆಗಿದ್ದವರು ತಿಳಿಸಿದರು. ಪಕ್ಕದಲ್ಲಿದ್ದ ಮುದುಕ ರೈತ ಆಕೆಯ ಮನೆತನ, ಮದುವೆ, ಸಂಬಳ ಯಾವುದನ್ನೂ ವಿಚಾರಿಸಲಿಲ್ಲ. "ನಿಮ್ಮ ಕಡೆ ಮಳಿ ಹೆಂಗೈತಿ?" ಎಂದಷ್ಟೇ ಕೇಳಿದ. ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲ, ನಕ್ಕಳು. ಅಷ್ಟರಲ್ಲಿ ಬಸ್ಸು ಕುಸುಗಲ್ಲನ್ನು ದಾಟಿತು. ಮಳೆ-ಮಣ್ಣಿನ ಇದೇ ಪರೀಕ್ಷೆಯಲ್ಲಿ ಸುಮಾರು 180 ವರ್ಷಗಳ ಹಿಂದೆ ಇದೇ ಕುಸುಗಲ್ಲಿನಲ್ಲಿ ಕುಳಿತು ಫೇಲಾದ ಅಮೆರಿಕದವನೊಬ್ಬನ ನೆನಪು ನನಗೆ ಬಂತು. ಫೇಲಾದೆನೆಂದು ತಾನೇ ಬರೆದುಕೊಟ್ಟ ಮನುಷ್ಯ ಅವನು. ಅಂಥವರು ಅಪರೂಪ.

ಕಥೆ ಹೀಗಿದೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಉದ್ದೆಳೆಯ ಅರಳೆ ಆಗ ಬರುತ್ತಿದ್ದುದು ಬಹುಮಟ್ಟಿಗೆ ಅಮೆರಿಕದಿಂದ. ಅದನ್ನು ಹಿಂದೂಸ್ಥಾನದಲ್ಲೇ ಏಕೆ ಬೆಳೆಯಬಾರದೆಂದು ಈಸ್ಟ್ ಇಂಡಿಯಾ ಕಂಪನಿಗೆ ಅನ್ನಿಸಿತು. ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿ ಅಮೆರಿಕಕ್ಕೆ ಹೋಗಿ, ಅಲ್ಲಿನ ದಕ್ಷಿಣ ರಾಜ್ಯಗಳಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು 1840ರಲ್ಲಿ ಕರೆತಂದ. ಬೀಜ, ನೇಗಿಲು, ಗರಗಸದ ಹಲ್ಲುಗಳ ಜಿನ್ನು ಎಲ್ಲವೂ ಅವರ ಜೊತೆ ಬಂದವು. ಇವರು ಸ್ವಯಂಸೇವಕರಲ್ಲ, ಸಂಬಳದವರು, ಅದನ್ನು ಮರೆಯಬಾರದು. ಆದರೂ ತಾಯ್ನಾಡು ಬಿಟ್ಟು ಬಂದು ನಮ್ಮ ಹಳ್ಳಿಯಲ್ಲಿ ಕುಳಿತು ನಮ್ಮ ಬೇಸಾಯವನ್ನು 'ಸುಧಾರಿಸಲು' ಹೊರಟ ಮೊದಲಿಗರಲ್ಲಿ ಅವರನ್ನೂ ಎಣಿಸಬೇಕು.

ಅವರಲ್ಲಿ ಮರ್ಸರ್ ಎಂಬುವನು ಉತ್ತರದ ಕಡೆ ಯತ್ನಿಸಿ, ಅಲ್ಲಿ ಕೈಹತ್ತದೆ, ಧಾರವಾಡ ಸೀಮೆಗೆ ಬಂದ. 1840ರ ದಶಕದ ಆರಂಭದಲ್ಲಿ ಕುಸುಗಲ್ಲಿನಲ್ಲಿ ಸರಕಾರದ ಪ್ರಯೋಗಕ್ಷೇತ್ರ ಆರಂಭವಾಯಿತು. ಅವನ ದಿನಚರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಎರೆಮಣ್ಣು ಆಗಿನಂತೆಯೇ ಈಗಲೂ ಇದೆ. ಬೇಸಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರುಕು. ಮಳೆಗಾಲದಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಬೂಟಿಗೆ. ನೆಲದೊಳಗಿನ ನೀರು ಸವುಳು. ನವಲಗುಂದ ಅಣ್ಣಿಗೇರಿಗಳ ಕಡೆ ಕುಡಿಯಲು ಕೆರೆಯ ನೀರೇ ಗತಿ. ಕೆರೆ ಬತ್ತಿದರೆ ದೊರೆಗೂ ಅಷ್ಟೇ, ಆಳಿಗೂ ಅಷ್ಟೇ.

ಇನ್ನು ಕೆಲಸದ ಮಾತು. ಅವರ ನಾಡಿನಲ್ಲಿ ಹತ್ತಿ ಬಿತ್ತುವುದು ವಸಂತದಲ್ಲಿ. ನಮ್ಮ ರೈತ ಮುಂಗಾರಿನ ಆರ್ಭಟ ಇಳಿಯುವವರೆಗೆ ಕಾದು, ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿ, ಕಪ್ಪುಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆ ತೆಗೆದು, ಶಿವರಾತ್ರಿಯ ಆಚೀಚೆ ಬಿಡಿಸುತ್ತಾನೆ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಇಲ್ಲಿ ಒಂದು ಜೊತೆ ಎತ್ತು, ಕುಂಟೆ, ಕೂರಿಗೆ ಇದ್ದ ರೈತ ತನ್ನ ಹೊಲಕ್ಕೆ ತಾನೇ ಯಜಮಾನ. ಸರಕಾರಿ ಹೊಲದ ಖರ್ಚು ಆಳು ಕಾಳುಗಳ ಲೆಕ್ಕದಲ್ಲಿ ಏರುತ್ತಿತ್ತು; ಬೇಲಿಯಾಚೆಯ ರೈತ ಅದೇ ನ್ಯೂ ಆರ್ಲಿಯನ್ಸ್ ಬೀಜವನ್ನು ತನ್ನ ಪದ್ಧತಿಯಲ್ಲಿ ಬಿತ್ತಿ ಸೋವಿಯಲ್ಲಿ ಬೆಳೆ ತೆಗೆಯುತ್ತಿದ್ದ.

ಮರ್ಸರನ ದೊಡ್ಡತನ ಇಲ್ಲಿದೆ. ಕೆಲವು ವರ್ಷಗಳ ಅನುಭವದ ಮೇಲೆ ಅವನು ಸರಕಾರಕ್ಕೆ ತಿಳಿಸಿದ: ಈ ಪ್ರಯೋಗಕ್ಷೇತ್ರಗಳು ವ್ಯರ್ಥ ವೆಚ್ಚ, ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದದು, ಇಲ್ಲಿನ ಹವೆ ಮತ್ತು ನೆಲವನ್ನು ಬಲ್ಲ ಇಲ್ಲಿನ ರೈತ ಯಾವ ಐರೋಪ್ಯನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ, ಆದ್ದರಿಂದ ಕ್ಷೇತ್ರಗಳನ್ನು ಮುಚ್ಚಿಬಿಡಿ. ತನ್ನ ಅನ್ನದ ಬಟ್ಟಲನ್ನು ತಾನೇ ಕವುಚಿಹಾಕುವ ಇಂಥ ಮಾತನ್ನು ಸರಕಾರಿ ಕಾಗದಪತ್ರಗಳಲ್ಲಿ ಎಷ್ಟು ಸಲ ಕಂಡೀರಿ?

ಹಾಗೆಂದು ಅವರಿಂದ ಏನೂ ಆಗಲಿಲ್ಲವೆಂದಲ್ಲ. ನಮ್ಮ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಕೋಲನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ನಾಡಹತ್ತಿಗೆ ಅದು ಸಾಕಿತ್ತು. ಅಮೆರಿಕದ ಹತ್ತಿಯ ಎಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿರುವುದರಿಂದ ಅದಕ್ಕೆ ಗರಗಸದ ಜಿನ್ನೇ ಬೇಕು. ಆ ಯಂತ್ರಗಳನ್ನು ಮಾಡುವ, ದುರಸ್ತಿ ಮಾಡುವ ಕಾರಖಾನೆ ಧಾರವಾಡದಲ್ಲೇ ಆಯಿತು. ಬಡಿಗ ಕಮ್ಮಾರರಿಗೆ ಹೊಸ ವಿದ್ಯೆ ಹತ್ತಿತು. ಕುಮಟೆಯ ಬಂದರಿನಿಂದ ಹಡಗು ಏರುತ್ತಿದ್ದ ನಾಡಹತ್ತಿಗೆ 'ಕುಮಟಾ' ಎಂಬ ಹೆಸರಿದ್ದಂತೆ, ಈ ಹೊಸದಕ್ಕೆ 'ಧಾರವಾಡ-ಅಮೆರಿಕನ್' ಎಂಬ ಹೆಸರು ಪೇಟೆಯಲ್ಲಿ ನಿಂತಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿದಾಗ ಬೆಲೆ ಗಗನಕ್ಕೇರಿತು. ಜೊತೆಗೆ ಕಲಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸದ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು.

ನೂರು ವರ್ಷ ಕಳೆದು ಮತ್ತೆ ಅಮೆರಿಕದವರು ಬಂದರು. ಈ ಸಲ ನಿಜವಾದ ಸ್ವಯಂಸೇವಕರು. ಅಧ್ಯಕ್ಷ ಕೆನೆಡಿ 1961ರಲ್ಲಿ ಸ್ಥಾಪಿಸಿದ ಶಾಂತಿದಳದ ತರುಣ ತರುಣಿಯರು ಆ ವರ್ಷದ ಕೊನೆಗೆ ಪಂಜಾಬಿಗೆ, ಬಳಿಕ ಮೈಸೂರು ರಾಜ್ಯಕ್ಕೂ ಬಂದು, ಎರಡೆರಡು ವರ್ಷ ಹಳ್ಳಿಗಳಲ್ಲಿ ಇದ್ದು ಹೋದರು. ಇದು 1976ರವರೆಗೆ ನಡೆಯಿತು. ಅವರ ಮುಖ್ಯ ಉದ್ಯೋಗಗಳಲ್ಲಿ ಕೋಳಿಸಾಕಣೆಯೂ ಒಂದು. ತತ್ತಿಯೆಂದರೆ ಮೂಗು ಮುಚ್ಚಿಕೊಳ್ಳುವ ಮನೆಗಳ ಓಣಿಯಲ್ಲಿ ಕೋಳಿಗೂಡಿನ ಉಪದೇಶ ಮಾಡುವ ಇಪ್ಪತ್ತೆರಡು ವರ್ಷದ ಹುಡುಗನನ್ನು ನೆನೆದರೆ ಮರುಕವೂ ಬರುತ್ತದೆ, ಮೆಚ್ಚಿಕೆಯೂ ಬರುತ್ತದೆ.

ನನಗೆ ಇವರಿಗಿಂತ ಕುತೂಹಲದವರು ತಿರುಗಿ ಬಂದವರು. 1974ರಲ್ಲಿ ಶಿಕಾಗೋದಲ್ಲಿ ನೆಲೆಸಿದ್ದ ಭಾರತೀಯರು ಕೂಡಿ 'ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್' ಎಂಬ ಸಂಸ್ಥೆ ಕಟ್ಟಿದರು. ದಿನವೆಲ್ಲ ಉದ್ಯೋಗ, ವಾರದ ಬಿಡುವಿನಲ್ಲಿ ಊರಿನ ಚಿಂತೆ. ಚಿಂತೆ ಅಲ್ಲಿಗೇ ನಿಲ್ಲುವುದು ಲೋಕರೂಢಿ. ಎಸ್. ಆರ್. ಹಿರೇಮಠರು ಮಾತ್ರ 1979ರಲ್ಲಿ ಅಮೆರಿಕದ ಪತ್ನಿಯೊಡನೆ ಹಿಂದಿರುಗಿ, ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ನಿಂತರು. 1997ರಿಂದ ಆ ಊರು ಹಾವೇರಿ ಜಿಲ್ಲೆಗೆ ಸೇರಿದೆ.

ಬಂದದ್ದು ಅಭಿವೃದ್ಧಿಯ ಯೋಜನೆ ಹಿಡಿದು. ಆದರೆ ಹಳ್ಳಿ ಅವರ ಕೈಗೆ ಬೇರೆಯೇ ಕೆಲಸ ಕೊಟ್ಟಿತು. ತುಂಗಭದ್ರೆಯಲ್ಲಿ ಕಾರಖಾನೆಯ ಹೊಲಸು ನೀರಿನಿಂದ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಹೊಳೆಯ ದಂಡೆಯವರಿಗೆ ಅಭಿವೃದ್ಧಿಗಿಂತ ಮೊದಲು ನೀರು ಬೇಕಾಗಿತ್ತು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಅದೇ ಹೊತ್ತಿಗೆ ಊರ ಗೋಮಾಳಗಳು ಕಂಪನಿಯೊಂದರ ನೀಲಗಿರಿ ತೋಪುಗಳಿಗೆ ಹೋಗತೊಡಗಿದ್ದವು. ದನಕ್ಕೆ ಮೇವು, ಒಲೆಗೆ ಪುಳ್ಳೆ ಎಲ್ಲಿಂದ? ಈ ಪ್ರಶ್ನೆ ಸುಪ್ರೀಮ್ ಕೋರ್ಟಿನ ಬಾಗಿಲವರೆಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು.

1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಅಂದಿನ ಸತ್ಯಾಗ್ರಹಕ್ಕೆ ಯಾವ ಪಂಡಿತನೂ ಹೆಸರಿಟ್ಟಂತಿಲ್ಲ: 'ಕಿತ್ತಿಕೋ ಹಚ್ಚಿಕೋ'. ನೀಲಗಿರಿಯ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಕಂಪನಿ 1991ರಲ್ಲಿ ಮುಚ್ಚಿತು.