ಕುಡಿತ ಬಿಟ್ಟವರ ಕೂಟಗಳು: ಇಳಕಲ್ಲಿನ ಜೋಳಿಗೆಯಿಂದ ಕುಂದಲಹಳ್ಳಿಯವರೆಗೆ

ಕುಡಿತ ಬಿಡಬೇಕೆಂದವರು ಒಟ್ಟಾಗಿ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಪದ್ಧತಿ ಕರ್ನಾಟಕದಲ್ಲಿ ಎರಡು ದಾರಿಗಳಲ್ಲಿ ಬೆಳೆದಿದೆ. ಒಂದು ನಗರದ ದಾರಿ. ಅಲ್ಲಿ ಹೆಸರು ಗುಟ್ಟಾಗಿರುತ್ತದೆ, ಮಾತು ಕೋಣೆಯಿಂದ ಆಚೆ ಹೋಗುವುದಿಲ್ಲ. ಇನ್ನೊಂದು ಊರಿನ ದಾರಿ. ಅಲ್ಲಿ ಸ್ವಾಮಿಗಳ ಮುಂದೆ, ಹೆಂಡತಿ ಮಕ್ಕಳ ಮುಂದೆ, ನಾಲ್ಕು ಜನರಿಗೆ ಗೊತ್ತಾಗುವಂತೆ ಬಿಡುತ್ತಾರೆ. ಬೆಂಗಳೂರಿನ ಕುಂದಲಹಳ್ಳಿಯಂಥ ಜಾಗಕ್ಕೆ ಎರಡೂ ಬೇಕು. ಕೆರೆಯ ಸುತ್ತಲಿನ ಹಳೆಯ ಮನೆತನಗಳು, ಐಟಿ ಕಂಪನಿಗಳ ನೌಕರರು, ದೂರದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದವರು, ಎಲ್ಲರೂ ಅಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.

ನಗರದ ದಾರಿಯ ಮೂಲ ಅಮೆರಿಕದ್ದು. 1935ರಲ್ಲಿ ಒಹಾಯೊದ ಆಕ್ರನ್ ಪಟ್ಟಣದಲ್ಲಿ ಷೇರುಪೇಟೆಯ ಬಿಲ್ ಮತ್ತು ಶಸ್ತ್ರವೈದ್ಯ ಡಾ. ಬಾಬ್ ಭೇಟಿಯಾದರು. ಇಬ್ಬರೂ ಕುಡಿತದಿಂದ ಸೋತು ಸುಣ್ಣವಾಗಿದ್ದವರು. ಒಬ್ಬ ಕುಡುಕನ ಮಾತನ್ನು ಇನ್ನೊಬ್ಬ ಕುಡುಕ ನಂಬುತ್ತಾನೆ ಎಂಬ ಅವರ ಅನುಭವವೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಆಯಿತು. ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಅದರ ಪುಸ್ತಕ 1939ರಲ್ಲಿ ಬಂತು. ಭಾರತದಲ್ಲಿ ಎಎ 1957ರಲ್ಲಿ ಶುರುವಾಗಿ ಬೇರೆ ಬೇರೆ ನಗರಗಳಿಗೆ ಹಬ್ಬಿತು. ಚರ್ಚು, ಶಾಲೆಗಳ ಕೋಣೆಗಳು ಅದಕ್ಕೆ ನೆಲೆಯಾದವು.

ಮೀಟಿಂಗಿನ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಶುಲ್ಕವಿಲ್ಲ, ಅರ್ಜಿಯಿಲ್ಲ. ಒಬ್ಬರು ತಮ್ಮ ಹೆಸರಷ್ಟನ್ನೇ ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಮಾತು ಶುರು ಮಾಡುತ್ತಾರೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ ಬರೀ ಬುದ್ಧಿಮಾತು ಕೇಳಿ ಬೇಸತ್ತವನಿಗೆ ಇದೇ ದೊಡ್ಡ ಬಿಡುಗಡೆ. ವ್ಯಸನಿಗಳು ಮಾತ್ರ ಬರುವುದು ಕ್ಲೋಸ್ಡ್ ಮೀಟಿಂಗ್. ಯಾರು ಬೇಕಾದರೂ ಬರಬಹುದಾದದ್ದು ಓಪನ್ ಮೀಟಿಂಗ್. ಕುಡಿಯುವವರ ಮನೆಯವರಿಗಾಗಿ 1951ರಿಂದ ಆಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ.

ಊರಿನ ದಾರಿಯ ಕಥೆ ಬೇರೆ. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟ ಮೇಲೆ ಸಾರಾಯಿ ಹಳ್ಳಿಹಳ್ಳಿಯನ್ನೂ ಮುಟ್ಟಿತು. ಇಳಕಲ್ಲಿನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ಈ ಕಾಲದಲ್ಲಿ. ಜಂಗಮರ ಜೋಳಿಗೆಗೆ ಕಾಳುಕಡಿ ನೀಡುವುದು ರೂಢಿ. ಇವರು ಕೇಳಿದ್ದು ಚಟವನ್ನು: ಕುಡಿತ, ಬೀಡಿ, ತಂಬಾಕು ಯಾವುದಿದ್ದರೂ ಜೋಳಿಗೆಗೆ ಹಾಕಿ ಎಂದರು. ಮಠಕ್ಕೆ ಕೊಟ್ಟದ್ದನ್ನು ವಾಪಸು ಕೇಳಬಾರದೆಂಬ ನಂಬಿಕೆಯನ್ನೇ ಅವರು ಔಷಧಿ ಮಾಡಿಕೊಂಡಂತಿತ್ತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಆದರೆ ಜೋಳಿಗೆಯ ಮುಂದೆ ಮಾಡಿದ ಆಣೆ ಒಂದು ದಿನದ ಮಾತು, ಚಟ ಪ್ರತಿದಿನದ್ದು. ಈ ಕೊರತೆಯನ್ನು ತುಂಬಿದ್ದು ಧರ್ಮಸ್ಥಳದ ವ್ಯವಸ್ಥೆ. ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಸಾಮಾನ್ಯವಾಗಿ ಎಂಟು ದಿನದವು. ಶಿಬಿರ ಮುಗಿಸಿದವರು ತಮ್ಮೂರಿನಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ನೂರು ದಿನ ಕುಡಿಯದೆ ಕಳೆದವರಿಗೆ ಶತದಿನೋತ್ಸವ ನಡೆಯುತ್ತದೆ. ಗುಟ್ಟಿನ ಎಎ ಕೋಣೆಗೂ ಬಹಿರಂಗದ ಈ ಸಮಿತಿಗೂ ಹೋಲಿಕೆ ಇರುವುದು ಇಲ್ಲಿಯೇ, ಮುಂದಿನ ವಾರ ಮತ್ತೆ ಬಂದು ಕೂರುವುದರಲ್ಲಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಹಾಗಾಗಿ ಕೂಟಗಳ ಕೆಲಸವೂ ಮುಗಿಯಲಿಲ್ಲ.

ಎರಡೂ ದಾರಿಗಳ ನಡುವೆ ಆಸ್ಪತ್ರೆ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರ ಬಂತು. ಇದರ ಅಗತ್ಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ಬಿಟ್ಟರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಂಡು ಬಡಬಡಿಸುತ್ತಾರೆ, ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ವೈದ್ಯರು ಬೇಕು. ಮೀಟಿಂಗ್ ಇರುವುದು ಆಮೇಲಿನ ವರ್ಷಗಳಿಗೆ.

ಹೊಸಬರಿಗೆ ಎಎಯಲ್ಲಿ ಹೇಳುವ ಹಳೆಯ ಮಾತೊಂದಿದೆ: 90 ದಿನದಲ್ಲಿ 90 ಮೀಟಿಂಗ್. ಕುಂದಲಹಳ್ಳಿ ಕಡೆಯವರಿಗೆ ಇದು ಬಹಳ ಕಾಲ ಆಗದ ಮಾತಾಗಿತ್ತು. ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂದ ಮೇಲೆ ಕೆಲಸ ಬೆಳೆಯಿತು, ಜೊತೆಗೆ ಟ್ರಾಫಿಕ್ಕೂ ಬೆಳೆಯಿತು. ಸಂಜೆಯ ಮೀಟಿಂಗಿಗೆಂದು ಹೊರಟವರು ಮಾರತ್ತಹಳ್ಳಿ ದಾಟುವಷ್ಟರಲ್ಲೇ ಹೊತ್ತಾಗುತ್ತಿತ್ತು. ರಾತ್ರಿ ಪಾಳಿಯವರಿಗೆ ಆ ಹೊತ್ತೇ ಹೊಂದುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನಡೆಯುವ ಮೀಟಿಂಗಿನಲ್ಲಿ ಗಾರೆ ಕೆಲಸದವನಿಗೆ ಬಾಯಿ ಬಿಡುವುದೇ ಕಷ್ಟ. ಎದೆಯೊಳಗಿನದನ್ನು ಹೇಳಲು ಅವನಿಗೆ ತನ್ನ ಭಾಷೆ ಬೇಕು.

ಎರಡು ಸಂಗತಿಗಳು ಈ ದೂರವನ್ನು ಕಡಿಮೆ ಮಾಡಿವೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳೂ ಮೀಟಿಂಗ್ ಕೋಣೆಗಳೂ ಒಟ್ಟಿಗೇ ಮುಚ್ಚಿದಾಗ ಎಎ ಕೂಟಗಳು ಜೂಮ್‌ಗೆ ಹೋದವು. ಮೇ 4ರಂದು ಅಂಗಡಿಗಳು ತೆರೆದು ಅವುಗಳ ಮುಂದೆ ಸಾಲು ಬೆಳೆದ ದಿನಗಳಲ್ಲೂ ಮೀಟಿಂಗ್ ಫೋನಿನಲ್ಲೇ ಸಿಗುತ್ತಿತ್ತು. ಆ ಅನುಕೂಲ ಇಂದಿಗೂ ಉಳಿದಿದೆ. 2023ರ ಮಾರ್ಚ್‌ನಲ್ಲಿ ನೇರಳೆ ಮಾರ್ಗದ ಕುಂದಲಹಳ್ಳಿ ಮೆಟ್ರೊ ನಿಲ್ದಾಣ ತೆರೆಯಿತು. ಅಕ್ಟೋಬರ್‌ನಲ್ಲಿ ಮಾರ್ಗ ನಗರದ ನಡುಭಾಗಕ್ಕೆ ಕೂಡಿಕೊಂಡಿತು.

ಯಾವ ಮೀಟಿಂಗ್ ಎಲ್ಲಿದೆ ಎಂದು ತಿಳಿಯಲು ಚಿಕಿತ್ಸಾ ಕೇಂದ್ರಗಳ ಸಮಾಜ ಕಾರ್ಯಕರ್ತರನ್ನು ಕೇಳುವುದು ಹಳೆಯ ರೂಢಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಮೊದಲ ಸಲ ಹೋದವರು ಮಾತಾಡಲೇಬೇಕೆಂದಿಲ್ಲ, ಸುಮ್ಮನೆ ಕೂತು ಕೇಳಬಹುದು. ಒಂದು ಕೂಟ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ನಡುವೆ ಮತ್ತೆ ಕುಡಿದವರಿಗೂ ಬಾಗಿಲು ಮುಚ್ಚುವುದಿಲ್ಲ.