ಟ್ಯಾಕ್ಸಿಯಾಗದ ಕಾರಿನ ಹಿತ್ತಾಳೆ ತುಂಡು

ಇವತ್ತು ರಾಜರಿಲ್ಲ, ಯುದ್ಧ ಇಲ್ಲ. ನಮ್ಮ ಮನೆಯ ಹಳೇ ಕಾರಿನ ಮುರಿದ ಚಕ್ರದ ಕಥೆ. ಆದ್ರೆ ಇದನ್ನ ಬಿಚ್ಚುತ್ತಾ ಹೋದ್ರೆ ದೇಶದ 20 ವರ್ಷದ ಕೈಗಾರಿಕಾ ನೀತಿ ಸಿಗುತ್ತೆ, ನನಗೆ ಸಿಕ್ಕಿತು.

ಆಯುಧಪೂಜೆಯ ದಿನ. ಮೈಸೂರಿನ ಮನೆಯಲ್ಲಿ ಕಾರಿಗೆ ಹೂವು, ಕುಂಕುಮ, ನಾಲ್ಕೂ ಚಕ್ರದಡಿ ನಿಂಬೆಹಣ್ಣು, ಎಲ್ಲ ಆಯ್ತು. ಅಪ್ಪ ಒಂದು ಸುತ್ತು ಹಾಕಿಸೋಣ ಅಂತ ಗಾಡಿ ಹೊರಗೆ ತೆಗೆದರು. ನಿಂಬೆಹಣ್ಣು ಪಚಕ್ ಅಂತು. ಗೇಟಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರು, ಆಗ ಇನ್ನೊಂದು ಸದ್ದು, ಟಕ್ ಅಂತ. ಮುಂದಿನ ಚಕ್ರ ಮಡಚಿಕೊಂಡು ಒಳಗೆ ಮಲಗಿಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ದಿನ ತಾನೇ ಅಪ್ಪ-ಅಮ್ಮ ಇಬ್ಬರೂ ಅದೇ ಕಾರಲ್ಲಿ ನಂಜನಗೂಡಿಗೆ ಹೋಗಿಬಂದಿದ್ದರು. ಅಮ್ಮ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಈ ಸಲ ಗುಜರಿಗೆ ಹಾಕದಿದ್ರೆ ನಾನು ಆ ಕಾರು ಹತ್ತಲ್ಲ."

ಕಾರು ಯಾವುದು ಅಂದ್ರೆ ಸ್ಟ್ಯಾಂಡರ್ಡ್ ಹೆರಾಲ್ಡ್. ತಾತ 1969ರಲ್ಲಿ ಕೊಂಡದ್ದು. ನಿಮ್ಮಲ್ಲಿ ಬಹಳ ಜನ ಹೆಸರೇ ಕೇಳಿರಲ್ಲ. ಅಂಬಾಸಿಡರ್ ಗೊತ್ತು, ಪ್ರೀಮಿಯರ್ ಪದ್ಮಿನಿ ಗೊತ್ತು. ಆ ಕಾಲದ ಮೂರನೆಯ ಕಾರು ಇದು.

ಮೂರೇ ಯಾಕೆ? 1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಶಿಫಾರಸು ಮಾಡಿತು. ವಿದೇಶದಿಂದ ತುಂಡು ತುಂಡಾಗಿ ತಂದು ಇಲ್ಲಿ ಬರೀ ಜೋಡಿಸಿ ಮಾರೋ ಕಂಪನಿಗಳು ಬೇಡ, ಹಂತ ಹಂತವಾಗಿ ಎಲ್ಲ ಭಾಗವನ್ನೂ ಇಲ್ಲೇ ತಯಾರಿಸೋರು ಮಾತ್ರ ಇರಲಿ ಅಂತ. ಜನರಲ್ ಮೋಟಾರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಕಾರಿನ ಮಟ್ಟಿಗೆ ಉಳಿದದ್ದು ಕಲ್ಕತ್ತಾ ಬಳಿಯ ಹಿಂದೂಸ್ತಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ಮದ್ರಾಸಿನವರು 1961ರಲ್ಲಿ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನು ಇಲ್ಲಿ ಮಾಡೋಕೆ ಶುರು ಮಾಡಿದರು. ವರ್ಷ ವರ್ಷ ಅದರೊಳಗೆ ನಮ್ಮ ದೇಶದ ಭಾಗ ಜಾಸ್ತಿ ಆಗ್ತಾ ಹೋಯ್ತು. ಕೊನೆಕೊನೆಗೆ ಬ್ರಿಟನ್ನಿನಲ್ಲಿ ಎಂದೂ ಇರದ ನಾಲ್ಕು ಬಾಗಿಲಿನ ಹೆರಾಲ್ಡ್ ಕೂಡ ಇಲ್ಲಿ ಬಂತು. ನಮ್ಮನೇದು ಅದೇ. ತಾತ "ಇದು ಸ್ವದೇಶಿ ಕಾರು" ಅಂತ ಹೇಳ್ಕೊಳ್ತಿದ್ರಂತೆ.

ಈ ಕಾರಿನ ಹುಟ್ಟೇ ಬಿಡಿಭಾಗದ ಜಗಳದಿಂದ ಆದದ್ದು, ಅದನ್ನ ಹೇಳದೆ ಮುಂದೆ ಹೋಗೋಕೆ ನನ್ನಿಂದ ಆಗಲ್ಲ. ಇಂಗ್ಲೆಂಡಿನಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್‌ನವರಿಗೆ ಕಾರಿನ ಬಾಡಿ ಮಾಡಿಕೊಡ್ತಿದ್ದದ್ದು ಫಿಷರ್ ಅಂಡ್ ಲಡ್ಲೋ ಎಂಬ ಕಂಪನಿ. 1953ರಲ್ಲಿ ಅದನ್ನ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಬಾಡಿ ಮಾಡೋರೇ ಎದುರಾಳಿ ಪಾಲಾದರೆ ಹೊಸ ಕಾರು ಹೇಗೆ ಮಾಡೋದು? ಅದಕ್ಕೆ ಅವರು ಹಳೇ ಪದ್ಧತಿಗೆ ಮರಳಿದರು: ಕೆಳಗೆ ಬೇರೆ ಚಾಸಿ, ಅದರ ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಬೋಲ್ಟ್ ಹಾಕಿ ಕೂರಿಸೋದು. ಚಂದ ಕಾಣಲಿ ಅಂತ ಇಟಲಿಯ ಮಿಕೆಲೊಟ್ಟಿ ಕೈಲಿ ಡಿಸೈನ್ ಮಾಡಿಸಿದರು. 1959ರಲ್ಲಿ ಕಾರು ಬಂತು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮೊಸಳೆ ಬಾಯಿ ತೆರೆದ ಹಾಗೆ ಮುಂದಕ್ಕೆ ಏಳುತ್ತೆ. ಎಂಜಿನ್, ಸ್ಪ್ರಿಂಗ್, ಚಕ್ರ ಎಲ್ಲ ಕಣ್ಣೆದುರಿಗೆ. ಮುಂದಿನ ಚಕ್ರಗಳು ಎಷ್ಟು ತಿರುಗುತ್ತವೆ ಅಂದ್ರೆ, 25 ಅಡಿ ಅಗಲದ ಜಾಗದಲ್ಲಿ ಕಾರು ಸುತ್ತಿಬಿಡುತ್ತೆ.

ಅಷ್ಟು ತಿರುಗೋಕೆ ಕಾರಣ ಮುಂದಿನ ಸಸ್ಪೆನ್ಷನ್. ನಮ್ಮ ಕಥೆಯ ಕಳ್ಳ ಇರೋದೂ ಅಲ್ಲೇ. ಚಕ್ರವನ್ನು ಹಿಡಿದಿರೋದು ನೆಟ್ಟಗೆ ನಿಂತ ಒಂದು ಉಕ್ಕಿನ ತೋಳು. ಅದರ ಕೆಳತುದಿಯಲ್ಲಿ ಸ್ಕ್ರೂ ಥರ ಮರೆ ಇದೆ. ಆ ಮರೆ ಒಂದು ಹಿತ್ತಾಳೆಯ ಗುಂಡಿಯೊಳಗೆ ಕೂತಿರುತ್ತೆ. ಆ ಹಿತ್ತಾಳೆ ತುಂಡಿನ ಹೆಸರು ಟ್ರನಿಯನ್. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಮರೆ ಹಿತ್ತಾಳೆಯೊಳಗೆ ಬಾಟಲಿ ಮುಚ್ಚಳದ ಹಾಗೆ ಸುತ್ತುತ್ತೆ. ಇದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್. ಗ್ರೀಸ್ ಅಲ್ಲ. ಎಣ್ಣೆಯಾದ್ರೆ ಮರೆಯ ಸಂದಿಗೆಲ್ಲ ಹರಿಯುತ್ತೆ. ಗ್ರೀಸ್ ಒಂದೇ ಕಡೆ ನಿಂತು ಗಟ್ಟಿಯಾಗುತ್ತೆ, ನೀರು ಒಳಗೆ ಹೋಗುತ್ತೆ, ಹೊರಗಿಂದ ಕಾಣದ ಹಾಗೆ ಉಕ್ಕು ತುಕ್ಕು ಹಿಡಿಯುತ್ತೆ. ಆಮೇಲೆ ಒಂದು ದಿನ, ಸಾಮಾನ್ಯವಾಗಿ ನಿಧಾನಕ್ಕೆ ಹೋಗ್ತಾ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಟಕ್.

ತೊಂದರೆ ಏನಂದ್ರೆ, ಅಲ್ಲಿರೋ ನಿಪ್ಪಲ್ ನೋಡೋಕೆ ಥೇಟ್ ಗ್ರೀಸ್ ನಿಪ್ಪಲ್. 50 ವರ್ಷ ನಮ್ಮ ಕಾರು ಹೋದ ಗ್ಯಾರೇಜುಗಳಲ್ಲೆಲ್ಲ ಪ್ರೀತಿಯಿಂದ ಗ್ರೀಸ್ ಹೊಡೆದಿದ್ದಾರೆ. ಅವರನ್ನ ಬೈದು ಪ್ರಯೋಜನ ಇಲ್ಲ. ಎಣ್ಣೆ ಅಂತ ಬರೆದಿರೋ ಪುಸ್ತಕ ನಮ್ಮ ಅಟ್ಟದ ಮೇಲೇ ಇತ್ತು, ನಾವೇ ತೆರೆದು ನೋಡಿರಲಿಲ್ಲ.

ಸರಿ, ಭಾಗ ಹುಡುಕೋಕೆ ಹೊರಟೆ. ಬೆಂಗಳೂರಿನ ಜೆಸಿ ರೋಡ್. ಮೊದಲ ಅಂಗಡಿಯವರು ಮುರಿದ ತುಂಡನ್ನ ಕೈಲಿ ಹಿಡಿದು, "ಮೇಡಂ, ಪದ್ಮಿನಿದಾ? ಪದ್ಮಿನಿದಾದ್ರೆ ಈಗ್ಲೇ ಕೊಡ್ತೀನಿ" ಅಂದರು. ಎರಡನೆಯವರು ಅಂಬಾಸಿಡರ್ ಸಾಮಾನು ಇದೆ ಅಂದರು. ಹೆರಾಲ್ಡ್ ಅಂದ ಕೂಡಲೇ ಎಲ್ಲರದ್ದೂ ಒಂದೇ ನಗು, ಸತ್ತ ನೆಂಟರ ಹೆಸರು ಹೇಳಿದ ಹಾಗೆ. ಶಿವಾಜಿನಗರದ ಗುಜರಿಯಲ್ಲಿ ಒಬ್ಬ ಹಿರಿಯರು ಒಂದು ಹಳೇ ಜೋಡಿ ಹುಡುಕಿ ಕೊಟ್ಟರು. ಬಿಚ್ಚಿದರೆ ಅದರಲ್ಲೂ ಅದೇ ತುಕ್ಕು, ಅದೇ ಗಟ್ಟಿ ಗ್ರೀಸ್. ಇತ್ತ ಮೈಸೂರಿನಲ್ಲಿ ಅಪ್ಪ ಮುರಿದ ತೋಳನ್ನ ವೆಲ್ಡ್ ಮಾಡಿಸ್ತೀನಿ ಅಂತ ಕೂತಿದ್ದರು. "ಏನಮ್ಮ, ಲಾರಿ ಚಾಸೀನೇ ವೆಲ್ಡ್ ಮಾಡ್ತಾರೆ" ಅನ್ನೋ ವಾದ. ಚಕ್ರ ಹಿಡಿದಿರೋ ಉಕ್ಕನ್ನ ವೆಲ್ಡ್ ಮಾಡಿಸಿ ಅಮ್ಮನ್ನ ಕೂರಿಸ್ಕೊಂಡು ಹೋಗೋದಾದ್ರೆ ನಾನೇ ಕಾರನ್ನ ಗುಜರಿಗೆ ಕೊಡ್ತೀನಿ ಅಂದೆ. ಮೂರು ದಿನ ಮಾತಿಲ್ಲ.

ಆ ಮೂರು ದಿನ ನನ್ನ ತಲೆ ತಿಂದದ್ದು ಆ ನಗು. ಪದ್ಮಿನಿಗೆ ಸಿಗೋದು ಹೆರಾಲ್ಡ್‌ಗೆ ಯಾಕೆ ಸಿಗಲ್ಲ? ಯೋಚಿಸಿದರೆ ಉತ್ತರ ಒಂದೇ ಪದ: ಟ್ಯಾಕ್ಸಿ. ಕಲ್ಕತ್ತಾದಲ್ಲಿ ಅಂಬಾಸಿಡರ್, ಬೊಂಬಾಯಿಯಲ್ಲಿ ಪದ್ಮಿನಿ, ದಿನಪೂರ್ತಿ ಗುಂಡಿಯಲ್ಲಿ ಬಿದ್ದು ಎದ್ದು ಓಡಿದವು. ದಿನಾ ಬುಷ್ ತಿನ್ನೋ ಕಾರಿಗೆ ದಿನಾ ಬುಷ್ ಮಾಡೋ ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಪದ್ಮಿನಿ ತಯಾರಿಕೆ ನಿಂತದ್ದು 2000ದ ಸುಮಾರಿಗೆ, ಆದ್ರೆ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಗಡುವು ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಅಲ್ಲೀವರೆಗೂ ಗಿರಾಕಿ ಇದ್ದ ಅಂತಾಯ್ತು. ಹೆರಾಲ್ಡ್ ಶುರುವಿಂದಲೂ ಎರಡು ಬಾಗಿಲಿನ, ಡಾಕ್ಟರು-ಲಾಯರುಗಳ ನಾಜೂಕು ಕಾರು. ಹಿಂದಿನ ಎರಡೂ ಚಕ್ರ ಬೇರೆ ಬೇರೆಯಾಗಿ ಏಳೋ-ಬೀಳೋ ವ್ಯವಸ್ಥೆ, ಅಡ್ಡಡ್ಡಕ್ಕೆ ಒಂದೇ ಲೀಫ್ ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ಹಿಂದಿನ ಚಕ್ರಗಳು ಕಾಲು ಅಗಲಿಸಿಕೊಂಡು ನಿಲ್ಲುತ್ತವೆ. ಇಲ್ಲಿನ ಗಿರಾಕಿಗಳೂ ನಂಬಲಿಲ್ಲ, ಮೆಕ್ಯಾನಿಕ್‌ಗಳೂ ನಂಬಲಿಲ್ಲ. 1971ಕ್ಕೆ ಹೆರಾಲ್ಡ್ ನಿಂತು, 1972ರಲ್ಲಿ ಅದರ ತಮ್ಮ ಗೆಜೆಲ್ ಬಂದಾಗ ಕಂಪನಿಯೇ ಹಿಂದಿನ ಆ ವ್ಯವಸ್ಥೆಯನ್ನ ಕಿತ್ತು ಹಾಕಿ, ಎಲ್ಲರಂತೆ ಅಖಂಡ ಆಕ್ಸಲ್ ಕೊಟ್ಟಿತು. ಗೆಜೆಲ್ ಕೂಡ 1977ರ ಹೊತ್ತಿಗೆ ಮುಗಿಯಿತು.

ಹಾಗಾದ್ರೆ ನನ್ನ ಟ್ರನಿಯನ್ ಎಲ್ಲಿ ಸಿಕ್ಕಿತು? ಇಂಗ್ಲೆಂಡಿನಲ್ಲಿ. ಹೊಚ್ಚಹೊಸದು. ಯಾಕಂದ್ರೆ ಟ್ರಯಂಫ್‌ನವರು ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಅಂತ ಒಂದು ತೆರೆದ ಸ್ಪೋರ್ಟ್ಸ್ ಕಾರು ತಂದರು. 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಮಾಡಿದರು. ಮುಂದಿನ ಸಸ್ಪೆನ್ಷನ್ ಮೂಲತಃ ಇದೇ, ಟ್ರನಿಯನ್ ಸಮೇತ. ಲೋಟಸ್‌ನವರು ಕೂಡ ತಮ್ಮ ಎಲಾನ್ ಕಾರಿಗೆ ಟ್ರಯಂಫ್‌ನ ಈ ತೋಳನ್ನ ಬಳಸಿಕೊಂಡರು. ಆ ಕಾರುಗಳನ್ನ ಭಾನುವಾರ ಭಾನುವಾರ ಒರೆಸಿ ಓಡಿಸೋ ಹವ್ಯಾಸಿಗಳು ಅಲ್ಲಿ ಇನ್ನೂ ಇದ್ದಾರೆ, ಅವರಿಗಾಗಿ ಭಾಗ ತಯಾರಾಗುತ್ತೆ. ಇಲ್ಲಿ ಟ್ಯಾಕ್ಸಿ ಡ್ರೈವರ್ ಮಾಡಿದ ಕೆಲಸವನ್ನ ಅಲ್ಲಿ ಹವ್ಯಾಸಿ ಮಾಡಿದ. ಎಲ್ಲ ಇಲ್ಲೇ ಆಗಲಿ ಅಂತ ಒಂದು ಸರ್ಕಾರ ಹಟ ಹಿಡಿದು ಮಾಡಿಸಿದ ಕಾರಿಗೆ, 50 ವರ್ಷ ಆದಮೇಲೆ ಭಾಗ ಇಂಗ್ಲೆಂಡಿನಿಂದ ಪಾರ್ಸೆಲ್‌ನಲ್ಲಿ. ತಾತ ಇದ್ದಿದ್ರೆ ಒಪ್ತಿರಲಿಲ್ಲ.

ಪಾರ್ಸೆಲ್ ಬಂತು. ನಾನು ಎರಡೂ ಒಂದೇ ಥರದವು ತರಿಸಿದ್ದೆ. ಎಡಗಡೆಗೆ ಒಂದು ದಿಕ್ಕಿನ ಮರೆ, ಬಲಗಡೆಗೆ ಉಲ್ಟಾ ಮರೆ ಅನ್ನೋದು ಕೂರಿಸೋಕೆ ಹೋದಾಗ ಗೊತ್ತಾಯ್ತು! ಮತ್ತೆ ಆರ್ಡರ್, ಮತ್ತೆ ಕಸ್ಟಮ್ಸ್ ಸುಂಕ. ತೋಳುಗಳನ್ನೂ ಎರಡೂ ಕಡೆ ಹೊಸದೇ ಹಾಕಿಸಿದೆವು. ಹಿಂದಿನ ಸೋತ ಲೀಫ್ ಸ್ಪ್ರಿಂಗ್‌ಗೆ ಮಾತ್ರ ಇಂಗ್ಲೆಂಡ್ ಬೇಕಾಗಲಿಲ್ಲ. ಬನ್ನಿಮಂಟಪದ ಕಡೆ ಲಾರಿ ಸ್ಪ್ರಿಂಗ್ ಕೆಲಸ ಮಾಡೋರು ಪಟ್ಟಿಗಳನ್ನ ಒಂದೊಂದಾಗಿ ಬಿಚ್ಚಿ, ಬಡಿದು, ಬಾಗು ಎತ್ತಿ ಕೊಟ್ಟರು. "ಇದೇನ್ ಸಾರ್, ಅಡ್ಡಕ್ಕೆ ಹಾಕಿದಾರೆ?" ಅಂತ ಅಪ್ಪನ್ನ ಮೂರು ಸಲ ಕೇಳಿದರಂತೆ.

ಈಗ ಬಾನೆಟ್ ಎತ್ತಿದರೆ ಒಳಗಡೆ ಬಿಳಿ ಪೇಂಟಿನಲ್ಲಿ ಅಪ್ಪನ ಕೈಬರಹ ಕಾಣುತ್ತೆ: "ಇಲ್ಲಿ ಗ್ರೀಸ್ ಹೊಡೆಯಬೇಡಿ. ಗೇರ್ ಆಯಿಲ್ ಮಾತ್ರ." ಅದರ ಕೆಳಗೆ ಬಾಣದ ಗುರುತು, ಎರಡೂ ಕಡೆಗೆ. ಅಮ್ಮ ಇನ್ನೂ ಕಾರು ಹತ್ತಿಲ್ಲ. ಸಂಕ್ರಾಂತಿ ಕಳೀಲಿ, ನೋಡೋಣ ಅಂದಿದಾರೆ.

ನಿಮ್ಮ ಮನೆಯ ಶೆಡ್ಡಲ್ಲೂ ಇಂಥದ್ದೊಂದು ಕಾರು ನಿಂತಿದ್ರೆ, ಅದರ ಹಳೇ ಕೈಪಿಡಿಯ ಫೋಟೋ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.