ಬಂದವರಿಗೆ ಬಜಾರಿನ ದಾರಿ

ಮಕ್ಕಾದಿಂದ ಹಿಜ್ರತ್ ಮಾಡಿ ಮದೀನಕ್ಕೆ ಬಂದ ಮುಹಾಜಿರ್‌ಗಳನ್ನೂ ಅಲ್ಲಿಯ ಅನ್ಸಾರ್‌ಗಳನ್ನೂ ಪ್ರವಾದಿವರ್ಯರು(ಸ) ಸಹೋದರರನ್ನಾಗಿ ಜೋಡಿಸಿದ ಘಟನೆಯನ್ನು ನಾವು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಹಝ್ರತ್ ಸಅದ್ ಬಿನ್ ರಬೀ(ರ) ತಮ್ಮ ಆಸ್ತಿಯ ಅರ್ಧವನ್ನು ಕೊಡಲು ಮುಂದಾದರು. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಬರಕತ್ತಿಗಾಗಿ ದುಆ ಮಾಡಿ, ಬಜಾರಿನ ದಾರಿ ತೋರಿಸಿ ಎಂದಷ್ಟೇ ಕೇಳಿದರು. ತುಪ್ಪದ ವ್ಯಾಪಾರ ಮಾಡಿ ಕೆಲವೇ ದಿನಗಳಲ್ಲಿ ಸ್ವಂತ ಕಾಲ ಮೇಲೆ ನಿಂತರು. ಕೊಡುವವರ ಉದಾರತೆ ಎಷ್ಟು ದೊಡ್ಡದೋ ಬಂದವರ ಸ್ವಾಭಿಮಾನವೂ ಅಷ್ಟೇ ದೊಡ್ಡದು.

ಕೇಳಿ ತಲೆದೂಗುವುದು ಸುಲಭ. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ನಮಾಝ್ ಮುಗಿಸಿ ಹೊರಗೆ ಬಂದಾಗ ಬಂಗಾಳಿ ಮಾತಾಡುವ ಇಬ್ಬರು ಹುಡುಗರು ನಮ್ಮ ಮಸೀದಿಯ ಬಾಗಿಲಲ್ಲಿ ನಿಂತಿದ್ದರು. ದುಡಿಸಿಕೊಂಡವನು ಕೂಲಿ ಕೊಟ್ಟಿಲ್ಲ ಎಂದು ಅರ್ಧಂಬರ್ಧ ಹಿಂದಿಯಲ್ಲಿ ಹೇಳುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ನಮ್ಮಲ್ಲೊಬ್ಬರು “ಆಧಾರ್ ಐತೇನು?” ಎಂದರು. ಇನ್ನೊಬ್ಬರು “ಬಾಂಗ್ಲಾದವರು ಇರಬೇಕು, ನಮಗ್ಯಾಕ ಬೇಕು ಈ ಉಸಾಬರಿ” ಎಂದರು. ಎಲ್ಲರೂ ಸೇರಿ ಅವರ ಕೈಗೆ ಒಂದಿಷ್ಟು ಹಣ ಹಾಕಿ ಕಳಿಸಿಬಿಟ್ಟೆವು. ಅವರು ಕೇಳಿದ್ದು ಸದಕಾ ಅಲ್ಲ, ತಮ್ಮ ಕೂಲಿ. ಆ ದಿನ ನಾವು ಮಾಡಿದ್ದು ಏನು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡಿಕೊಳ್ಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇವೆ.

ಇಂಥದೇ ಒಂದು ದೂರು ಪ್ರವಾದಿತ್ವಕ್ಕೂ ಮೊದಲು ಮಕ್ಕಾದಲ್ಲಿ ಕೇಳಿಬಂದಿತ್ತು. ಯಮನ್‌ನಿಂದ ಬಂದ ಒಬ್ಬ ವ್ಯಾಪಾರಿಯ ಸರಕು ಕೊಂಡ ಆಸ್ ಬಿನ್ ವಾಇಲ್ ಎಂಬ ಕುರೈಷ್ ಪ್ರಮುಖ ಹಣ ಕೊಡದೆ ಸತಾಯಿಸಿದ. ಪರಊರಿನವನು, ಅವನ ಪರ ನಿಲ್ಲುವ ಕುಲವೂ ಇರಲಿಲ್ಲ. ಅವನು ಅಬೂ ಖುಬೈಸ್ ಬೆಟ್ಟ ಹತ್ತಿ ಕೂಗಿ ತನಗಾದ ಅನ್ಯಾಯವನ್ನು ಊರಿಗೆಲ್ಲ ಸಾರಿದ. ಆಗ ಕೆಲವು ಕುಲಗಳ ಹಿರಿಯರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಸ್ಥಳೀಯನಿರಲಿ ಹೊರಗಿನವನಿರಲಿ, ಅನ್ಯಾಯಕ್ಕೊಳಗಾದವನ ಹಕ್ಕು ಸಿಗುವವರೆಗೆ ಅವನ ಪರ ನಿಲ್ಲುತ್ತೇವೆಂದು ಒಪ್ಪಂದ ಮಾಡಿಕೊಂಡರು. ಅದೇ ಹಿಲ್ಫುಲ್ ಫುಝೂಲ್. ವ್ಯಾಪಾರಿಯ ಹಣ ಮರಳಿ ಸಿಕ್ಕಿತು. ಯುವಕ ಮುಹಮ್ಮದ್(ಸ) ಆ ಸಭೆಯಲ್ಲಿದ್ದರು. ಪ್ರವಾದಿಯಾದ ಮೇಲೂ ಅದನ್ನು ಅಭಿಮಾನದಿಂದ ನೆನೆದು, ಈಗಲೂ ಅಂಥದಕ್ಕೆ ಕರೆದರೆ ಹೋಗುವೆನೆಂದು ಹೇಳಿದರು. ಆ ಒಪ್ಪಂದ ಮಾಡಿಕೊಂಡವರು ಮುಸ್ಲಿಮರಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ನ್ಯಾಯದ ಕೆಲಸಕ್ಕೆ ಯಾರ ಜೊತೆಗೂ ಕೂಡಬಹುದು, ಯಾರ ಪರವಾಗಿಯೂ ನಿಲ್ಲಬಹುದು.

ಈಗ ನಮ್ಮ ನೆಲಕ್ಕೆ ಬರೋಣ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ‘ನಾವು ಮೂಲದವರು, ಅವರು ಬಂದವರು’ ಎಂದು ಗೆರೆ ಎಳೆಯುವುದು ಕಷ್ಟ. ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನೇ ನೋಡಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಗುರುತಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅದರಲ್ಲಿ ಇದ್ದುದರಿಂದ ಇತಿಹಾಸಕಾರರ ದೊಡ್ಡ ಗೊಂದಲವೊಂದು ಬಗೆಹರಿಯಿತು. ಶಾಲೆಯಲ್ಲಿ ನಮ್ಮ ಮಕ್ಕಳು ಓದುವುದು ಅಷ್ಟನ್ನೇ. ಆದರೆ ಅದರ ತಿರುಳು ಬೇರೆ: ಧರ್ಮದ ಫಲ ದೊಡ್ಡವರಿಗಷ್ಟೇ ಎಂದು ತಿಳಿಯಬೇಡಿ, ಕೆಳಗಿನವನಿಗೂ ಅದು ದಕ್ಕುತ್ತದೆ ಎಂಬುದು ಅದರ ಸಾರ. ದೂರದ ಮಗಧದ ದೊರೆ, ಇಲ್ಲಿಯದಲ್ಲದ ಪ್ರಾಕೃತ ಭಾಷೆಯಲ್ಲಿ ಹೇಳಿಸಿದ ಮಾತು ಇಂದು ನಮ್ಮ ಊರಿನ ಹೆಮ್ಮೆಯಾಗಿದೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋದರೆ ಕೋಟೆಯ ಊರಿನಲ್ಲೇ ಹಳೆಯ ಕಥೊಲಿಕ್ ಚರ್ಚ್ ಇದೆ. ಹಳೆಯ ಗೆಝೆಟಿಯರ್ ಅದರ ಕಾಲವನ್ನು 1557 ಎನ್ನುತ್ತದೆ. ವಿಜಯನಗರದವರೂ ಬಿಜಾಪುರದವರೂ ಕಾದಾಡಿದ ನೆಲದಲ್ಲಿ ಗೋವಾ ಕಡೆಯಿಂದ ಬಂದ ಪಾದ್ರಿಗಳಿಗೂ ಅವರ ಸಮುದಾಯಕ್ಕೂ ಜಾಗವಿತ್ತು. ಅದೇ ಬಿಜಾಪುರದ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಮಂತ್ರಿಯಾದ. ಅಹ್ಮದ್‌ನಗರದಲ್ಲಿ ಗುಲಾಮನಾಗಿ ಮಾರಾಟವಾಗಿದ್ದ ಹಬಶಿ ಮಲಿಕ್ ಅಂಬರ್ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ಆದರೆ ಅವರದೇ ಆಫ್ರಿಕಾ ಮೂಲದ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾಯಬೇಕಾಯಿತು. ಹತ್ತಾರು ತಲೆಮಾರು ಕನ್ನಡ ನಾಡಿನಲ್ಲಿ ಬಾಳಿದರೂ ಕೂದಲು, ಮೈಬಣ್ಣ ನೋಡಿ ‘ಯಾವ ದೇಶದವರು’ ಎಂದು ಕೇಳುವವರು ಇನ್ನೂ ಇದ್ದಾರೆ.

1947–48ರ ನೆನಪು ನಮ್ಮ ಹಿರಿಯರಲ್ಲಿ ಹಸಿಯಾಗಿಯೇ ಉಳಿದಿತ್ತು. ರಜಾಕಾರರ ಹಾವಳಿಗೆ ಹೆದರಿ ಹೈದರಾಬಾದ್ ಸಂಸ್ಥಾನದ ಈ ಸೀಮೆಯಿಂದ ಹಿಂದೂ ಕುಟುಂಬಗಳು ಗಡಿ ದಾಟಿದವು. ಮುಂಡರಗಿ, ಗಜೇಂದ್ರಗಡದಲ್ಲಿ ಹೋರಾಟದ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನದ ಅನೇಕ ಕಡೆ ಮುಸ್ಲಿಂ ಕುಟುಂಬಗಳು ಮನೆ ಬಿಟ್ಟು ಓಡಿದವು. ಸರಕಾರ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಆ ಸಂಕಟವನ್ನು ದಾಖಲಿಸಿತು. ರಾತ್ರೋರಾತ್ರಿ ಗಂಟು ಕಟ್ಟುವುದು ಎಂದರೇನು ಎಂಬುದು ಇಲ್ಲಿ ಎರಡೂ ಸಮುದಾಯಗಳಿಗೆ ಗೊತ್ತು. ಒಬ್ಬರ ಓಟವನ್ನು ನೆನೆದು ಇನ್ನೊಬ್ಬರದನ್ನು ಮರೆಯುವುದು ನ್ಯಾಯವಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆ ಸಿಂಧನೂರಿನ ಚಹರೆಯನ್ನೇ ಬದಲಿಸಿತು. ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಬಳಿಕ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಅವೇ ನಾವೆಲ್ಲ ಬಲ್ಲ ಆರ್.ಎಚ್. ಕ್ಯಾಂಪ್‌ಗಳು. ಅಲ್ಲಿಯವರಲ್ಲಿ ಅನೇಕರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯವರಾದ ಅವರು ಇಲ್ಲಿಯೂ ಆ ಮಾನ್ಯತೆ ಬೇಕೆಂದು ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ಆದರೂ ಪೌರತ್ವದ ಕಾಗದ ಸಿಗದೆ ಹಲವರು ದಶಕಗಳ ಕಾಲ ಕಾದರು.

ಇಲ್ಲಿ ನಮ್ಮ ಮನಸ್ಸಿಗೆ ಒಂದು ಪರೀಕ್ಷೆ ಇದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮುಸ್ಲಿಮರನ್ನು ಹೊರಗಿಟ್ಟದ್ದರಿಂದ ನಾವು ಅದನ್ನು ವಿರೋಧಿಸಿದೆವು. ಪೌರತ್ವಕ್ಕೆ ಧರ್ಮ ಅಳತೆಗೋಲಾಗಬಾರದು ಎಂಬ ಮಾತಿನಲ್ಲಿ ಇಂದಿಗೂ ನಿಂತಿದ್ದೇವೆ. ಅದೇ ಕಾಯ್ದೆಯಡಿ 2024ರ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪ್‌ಗಳ ಐವರಿಗೆ ಪೌರತ್ವ ಪತ್ರ ಸಿಕ್ಕಿತು. ನಮ್ಮ ನೆರೆಯವರ ಕಾಯುವಿಕೆ ಮುಗಿದದ್ದಕ್ಕೆ ನಾವು ಸಂಕಟಪಡಬೇಕೇ? ಖಂಡಿತ ಇಲ್ಲ. ಅವರಿಗೆ ಸಿಕ್ಕದ್ದು ತಪ್ಪಲ್ಲ, ಉಳಿದವರಿಗೆ ಬಾಗಿಲು ಮುಚ್ಚಿದ್ದು ತಪ್ಪು. ಯಾವುದೇ ಜನರ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಕುರ್‌ಆನಿನ ಎಚ್ಚರಿಕೆ ಇಂಥ ಗಳಿಗೆಗಾಗಿಯೇ ಇದೆ.

ಇನ್ನೊಂದು ಕಡೆ, ಬಂಗಾಳಿ ಮಾತಾಡುವ ಬಡ ಕೂಲಿಕಾರನನ್ನು ಕಂಡರೆ ‘ಬಾಂಗ್ಲಾ’ ಎಂಬ ಪದವನ್ನು ಬೈಗುಳದಂತೆ ಎಸೆಯುವ ರೂಢಿ ಬೆಳೆಯುತ್ತಿದೆ. ಅವನು ಮಾಲ್ದಾ, ಮುರ್ಷಿದಾಬಾದ್‌ನ ಭಾರತೀಯನೇ ಆಗಿರಬಹುದು. ಒಬ್ಬ ಸಹಾಬಿ ಇನ್ನೊಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿನ್ನಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಗದರಿದರು. ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಡಲು ಅವರು ಆರಿಸಿದ್ದು ಹಬಶಿ ಮೂಲದ ಬಿಲಾಲ್(ರ)ರನ್ನು. ಅದಕ್ಕೂ ಹದಿನೈದು ವರ್ಷ ಮೊದಲು ಮುಸ್ಲಿಮರಿಗೆ ಆಶ್ರಯ ಕೊಟ್ಟವನೂ ಹಬಶಿ ನಾಡಿನ ಕ್ರೈಸ್ತ ದೊರೆ ನಜ್ಜಾಶಿಯೇ. ನಮ್ಮ ಉಮ್ಮತ್ತು ಮೊದಲು ಉಂಡದ್ದು ನಿರಾಶ್ರಿತರ ಅನ್ನವನ್ನು.

ನಾವೂ ಎಲ್ಲೋ ಒಂದು ಕಡೆ ಬಂದವರೇ. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುವವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಅವರು ಅಲ್ಲಲ್ಲೇ ಸಿಕ್ಕಿಬಿದ್ದರು. ಆಗ ಬೆಂಗಳೂರಿನ ಹಲವು ಸೇವಾಸಂಸ್ಥೆಗಳು ‘ಮರ್ಸಿ ಮಿಷನ್’ ಎಂಬ ಹೆಸರಿನಡಿ ಒಂದಾಗಿ, ಜಾತಿ ಧರ್ಮ ಕೇಳದೆ ಊಟ, ರೇಷನ್ ತಲುಪಿಸಿದವು. ಕೋವಿಡ್‌ನಲ್ಲಿ ತೀರಿಕೊಂಡವರ ಅಂತ್ಯಸಂಸ್ಕಾರಕ್ಕೂ ಹೆಗಲು ಕೊಟ್ಟವು. ಅಂಥ ಕೆಲಸಕ್ಕೆ ದೊಡ್ಡ ನಗರವೇ ಬೇಕೆಂದಿಲ್ಲ.

ಪ್ರತಿ ಜುಮಾ ನಂತರ ಮಸೀದಿಯ ಅಂಗಳದಲ್ಲಿ ಒಂದು ಮೇಜು, ಓದುಬರಹ ಬಲ್ಲ ಇಬ್ಬರು ಯುವಕರು ಸಾಕು. ಬೇರೆ ರಾಜ್ಯದ ಪಡಿತರ ಚೀಟಿ ಇದ್ದವರು ‘ಒಂದು ದೇಶ ಒಂದು ಪಡಿತರ’ ಯೋಜನೆಯಲ್ಲಿ ತಮ್ಮ ಪಾಲಿನ ಧಾನ್ಯವನ್ನು ಇಲ್ಲಿಯೇ ಪಡೆಯಬಹುದು. ಅದನ್ನು ಅವರಿಗೆ ತಿಳಿಸಿಕೊಡೋಣ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಕೊಡೋಣ. ಕೂಲಿ ಸಿಗದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗೋಣ. ಬಡವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಕ್ಯಾಂಪಿನ ಹಿರಿಯರನ್ನೂ ಈ ಕೆಲಸಕ್ಕೆ ಜೊತೆಯಾಗಿ ಕರೆಯೋಣ. ಕಾಗದಕ್ಕಾಗಿ ಕಾಯುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಇಬ್ಬರು ಹುಡುಗರು ಎಲ್ಲಿ ಹೋದರೋ ನಮಗೆ ಗೊತ್ತಿಲ್ಲ. ಅವರ ಕೂಲಿ ನಮ್ಮ ಕೊರಳಿನ ಮೇಲಿನ ಸಾಲದಂತೆ ಉಳಿದಿದೆ. ಮುಂದೆ ಬರುವವರಿಗೆ ‘ಆಧಾರ್ ಐತೇನು’ ಎಂದು ಕೇಳುವ ಮೊದಲು ‘ಊಟ ಆಯ್ತೇನಪ್ಪ, ಏನಾಗಬೇಕಿತ್ತು’ ಎಂದು ಕೇಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.